ಫಿರಂಗಿಯ ಬಾಯಿಗೆ ಬೂದುಗುಂಬಳ

ನಮ್ಮ ಅಡುಗೆಮನೆಯಲ್ಲಿ ಒಂದು ಬೂದುಗುಂಬಳಕಾಯಿ ಕೂತಿದೆ. ಮಾಚೇನಹಳ್ಳಿಯಿಂದ ಅಕ್ಕ ಕಳಿಸಿದ್ದು. ಬಂದ ದಿನ ಅದನ್ನು ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಇಟ್ಟಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಸರಿಕಾಣದೆ, ಎತ್ತಿ ಆಚೆಯ ಮೂಲೆಗೆ ಸಾಗಿಸಿದೆ. ಕುಂಬಳಕಾಯಿಗೂ ಸಿಲಿಂಡರಿಗೂ ಏನು ವೈರ ಎಂದು ಕೇಳಿದರೆ, ಏನೂ ಇಲ್ಲ. ಆದರೆ ಹೋದ ವರ್ಷದ ಆಯುಧಪೂಜೆಯಿಂದೀಚೆಗೆ, ಹೊಟ್ಟೆ ತುಂಬಿಕೊಂಡು ಸುಮ್ಮನೆ ಕೂತಿರುವ ಯಾವ ವಸ್ತುವನ್ನು ಕಂಡರೂ ನನಗೆ ಒಂದು ಬಗೆಯ ಭಯಭಕ್ತಿ ಬಂದುಬಿಟ್ಟಿದೆ.

"ಮಜ್ಜಿಗೆಹುಳಿ ಮಾಡ್ಕೊಂಡು ತಿನ್ನು" ಎಂದು ಅಕ್ಕನ ಅಪ್ಪಣೆ. ದಿನಾ ಬೆಳಿಗ್ಗೆ ಈಳಿಗೆಮಣೆ ತೆಗೆಯುತ್ತೇನೆ, ಕುಂಬಳಕಾಯಿಯನ್ನು ನೋಡುತ್ತೇನೆ, ಬೀನ್ಸ್ ಹೆಚ್ಚುತ್ತೇನೆ. ನಮ್ಮ ಕಡೆ ಇಡೀ ಬೂದುಗುಂಬಳಕ್ಕೆ ಮೊದಲ ಕತ್ತಿಯನ್ನು ಹೆಂಗಸರು ಹಾಕುವ ಹಾಗಿಲ್ಲ. ಗಂಡಸರು ಯಾರಾದರೂ ಬಂದು ಅದನ್ನು ಎರಡು ಹೋಳು ಮಾಡಿಕೊಟ್ಟರೆ, ಉಳಿದದ್ದನ್ನು ನಾವು ಹೆಚ್ಚಿಕೊಳ್ಳಬಹುದು. ಬೂದುಗುಂಬಳ ಬರೀ ತರಕಾರಿಯಲ್ಲ, ತಲೆಯ ಬದಲಿಗೆ ಕೊಡುವ ತಲೆ ಎಂದು ಹಿರಿಯರ ಲೆಕ್ಕ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ವಿದ್ಯಾನಗರದ ಈ ಮನೆಯಲ್ಲಿ ಒಬ್ಬಳೇ ಇರುವ ನನಗೆ ಇಷ್ಟು ವರ್ಷ ಆ ಮೊದಲ ಹೋಳನ್ನು ಹಾಲಿನವರೋ ಗ್ಯಾಸಿನವರೋ ಮಾಡಿಕೊಟ್ಟಿದ್ದಾರೆ. ನಂಬದವರಿಗೂ ಒಂದು ಮುನ್ನೆಚ್ಚರಿಕೆ ಬೇಕಲ್ಲ.

ಈ ಕಾಯಿಯನ್ನು ಮಾತ್ರ ಹಾಲಿನವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ. ಯಾಕೆ ಅನ್ನುವುದನ್ನು ಹೇಳಬೇಕಾದರೆ ಒಂದು ಪದದಿಂದ ಶುರುಮಾಡಬೇಕು. ಪದ ಹಿಡಿದರೆ ನಾನು ಬಿಡುವುದಿಲ್ಲ ಎಂಬುದು ನಮ್ಮವರ ಹಳೆಯ ದೂರು. "ವಿಜಿ ಹತ್ರ ಉಪ್ಪು ಕೇಳಿದ್ರೆ, ಉಪ್ಪು ಅನ್ನೋ ಪದ ಎಲ್ಲಿಂದ ಬಂತು ಅಂತ ಮೊದ್ಲು ಹೇಳ್ತಾಳೆ. ಅಷ್ಟ್ರಲ್ಲಿ ಅನ್ನ ಆರಿಹೋಗಿರುತ್ತೆ" ಎಂದು ನನ್ನ ಭಾವ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ಹೇಳುತ್ತಾರೆ ಅಂತ ಈಗಲೂ ಬರೆಯಬಹುದಾದದ್ದು ಎಂಥ ಭಾಗ್ಯ ಎಂದು ನಿಮಗೆ ಮುಂದೆ ಗೊತ್ತಾಗುತ್ತದೆ.

ಪದ ಫಿರಂಗಿ.

ನಾನು ಅದನ್ನು ಮೊದಲು ಕೇಳಿದ್ದು ಹಣ್ಣಿನ ರೂಪದಲ್ಲಿ. ನಾವು ಆಗ ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕ್ರೇನ್ ಓಡಿಸುತ್ತಿದ್ದರು. ಸಂಜೆ ಕಾರ್ಖಾನೆಯವರು ಕಬ್ಬಿಣ ಕರಗಿಸಿ ಉಳಿದ ಕುದಿಯುವ ಕಿಟ್ಟವನ್ನು ಸುರಿದಾಗ ಆ ಕಡೆಯ ಆಕಾಶ ಸೂರ್ಯ ಎರಡನೇ ಸಲ ಮುಳುಗಿದ ಹಾಗೆ ಕೆಂಪಾಗುತ್ತಿತ್ತು. ನಮ್ಮ ಹಿತ್ತಿಲಿನಲ್ಲಿ ಒಂದು ಪಪ್ಪಾಯ ಗಿಡ. ಅಮ್ಮ ಅದನ್ನು ಪರಂಗಿ ಹಣ್ಣು ಎನ್ನುತ್ತಿದ್ದಳು. ಪಕ್ಕದ ಮನೆಯಲ್ಲಿ ನಮ್ಮ ಜೊತೆ ಆಡುತ್ತಿದ್ದ ಸೆಲ್ವಣ್ಣನ ಅಮ್ಮ. ಅವರು ಸೇಲಂ ಕಡೆಯವರು. ಕನ್ನಡವನ್ನು ಸಲೀಸಾಗಿಯೇ ಆಡುತ್ತಿದ್ದರು, ಆದರೆ ತರಕಾರಿಗಳ ಹೆಸರು ಮಾತ್ರ ಅವರ ಬಾಯಲ್ಲಿ ತಮಿಳಿನಲ್ಲೇ ಉಳಿದಿತ್ತು. ಒಂದು ದಿನ ಅವರು ಸಂತೆಯಿಂದ ಪರಂಗಿಕಾಯಿ ತಂದುಕೊಡು ಎಂದು ಅಕ್ಕನಿಗೆ ಹೇಳಿದರು. ಸಂತೆಗೆ ಯಾಕೆ ಹೋಗಬೇಕು, ಹಿತ್ತಿಲಲ್ಲೇ ಇದೆಯಲ್ಲ ಎಂದು ಅಕ್ಕ ನಮ್ಮ ಗಿಡದ ದೊಡ್ಡ ಕಾಯಿಯೊಂದನ್ನು ಹೊತ್ತುಕೊಂಡು ಹೋದಳು.

"ಏನ್ ಕಣ್ಣು, ಪರಂಗಿಕ್ಕಾಯ್ ತಾ ಅಂದ್ರೆ ಪಪ್ಪಾಳಿ ತಂದಿದೀಯಾ? ಇದ್ರಲ್ಲಿ ಸಾಂಬಾರ್ ಮಾಡ್ಲಾ?"

"ಇದೇ ಪರಂಗಿ, ಅಮ್ಮನ್ನ ಕೇಳಿ ಬೇಕಾದ್ರೆ!"

ಅಮ್ಮ ಬಂದಳು. ಎರಡು ಮನೆಯ ನಡುವಿನ ಬೇಲಿಯ ಬಳಿ ಪರಂಗಿ ಯಾವುದು ಎಂಬ ದೊಡ್ಡ ಚರ್ಚೆ ನಡೆಯಿತು. ಅವರ ಪರಂಗಿ ನಮ್ಮ ಸಿಹಿಗುಂಬಳ, ನಮ್ಮ ಪರಂಗಿ ಅವರ ಪಪ್ಪಾಳಿ. ಪಾಳಿ ಮುಗಿಸಿ ಬಂದ ಅಪ್ಪ ಸೈಕಲ್ ಒರಗಿಸಿ, ಇಬ್ಬರದೂ ಸರಿ ಎಂದು ತೀರ್ಪು ಕೊಟ್ಟರು. "ಹಡಗಲ್ಲಿ ಬಂದೋರನ್ನ ನಮ್ಮೋರು ಪರಂಗಿಯೋರು ಅಂತಿದ್ರು. ಅವ್ರು ತಂದಿದ್ದೆಲ್ಲ ಪರಂಗಿನೇ. ಹಣ್ಣು ತಂದ್ರು, ಕಾಯಿ ತಂದ್ರು. ಕೋಟೆ ಒಡೆಯೋ ಫಿರಂಗಿನೂ ತಂದ್ರು."

ಅಪ್ಪನ ಮಾತಿನಲ್ಲಿ ಹಣ್ಣೂ ಫಿರಂಗಿಯೂ ಒಂದೇ ಉಸಿರಿನಲ್ಲಿ ಬಂದದ್ದು ನನ್ನ ತಲೆಯಲ್ಲಿ ಒಂದೇ ಗಂಟಾಗಿ ಕೂತಿತು. ಅಮ್ಮ ಪಪ್ಪಾಯ ಸೀಳಿದಾಗ ಒಳಗಿನ ಕರಿ ಬೀಜಗಳನ್ನು ನೋಡಿ ಇದೇ ಫಿರಂಗಿಗೆ ತುಂಬುವ ಮದ್ದು ಎಂದು ತೀರ್ಮಾನಿಸಿದೆ. ಒಂದು ಹಿಡಿ ಬೀಜ ಒಣಗಿಸಿ, ದೀಪಾವಳಿಯ ದಿನ ಬೆಂಕಿಕಡ್ಡಿ ಗೀರಿ ಇಟ್ಟೆ. ಕಮಟು ವಾಸನೆ ಬಂತು, ಅಷ್ಟೇ. ಅದೇ ನನ್ನ ಮೊದಲ ಸಂಶೋಧನೆ. ಆಮೇಲೆ ಎಂ.ಎ. ಮಾಡಿ, ನಿಘಂಟುಗಳನ್ನು ಮಗುಚಿ, ಆ ಪದದ ಹುಟ್ಟೂರನ್ನು ಹುಡುಕಿಕೊಂಡೆ. ಯಾವ ನಿಘಂಟಿನಲ್ಲೂ ಬೆಂಕಿಕಡ್ಡಿಯ ಮಾತು ಇರಲಿಲ್ಲ.

ಇನ್ನು ಭಾವನ ವಿಷಯ. ಅಕ್ಕನನ್ನು ಮದುವೆಯಾದ ನಾಗರಾಜ ಭಾವನಿಗೆ ಮಾಚೇನಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಇದೆ. ಗೇಟು, ಕಿಟಕಿ ಸರಳು, ಅಡಿಕೆ ಸುಲಿಯುವ ಯಂತ್ರದ ಚೌಕಟ್ಟು, ಇಂಥವನ್ನು ಮಾಡಿಕೊಡುತ್ತಾರೆ. ಬೇಲಿಯಾಚೆಯ ಆ ಸೆಲ್ವಣ್ಣನೇ ಅಲ್ಲಿ ಹೆಡ್ ಮೇಸ್ತ್ರಿ. ಹೋದ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ಕುಂಸಿಯ ಕಡೆಯ ಗೌಡರೊಬ್ಬರು ಒಂದು ಗೂಡ್ಸ್ ಆಟೋದಲ್ಲಿ ಒಂದು ಫಿರಂಗಿಯನ್ನು ತಂದು ಇಳಿಸಿದರು. ಅವರ ಮನೆಯ ಚಾವಡಿಯಲ್ಲಿ ತಲೆಮಾರುಗಳಿಂದ ಬಿದ್ದುಕೊಂಡಿದ್ದದ್ದು. ಹೊಸ ಮನೆ ಕಟ್ಟಿಸಿದ್ದರು. ಅದರ ಗೇಟಿನ ಪಕ್ಕ ನಿಲ್ಲಿಸಲು ಫಿರಂಗಿಗೆ ಕಬ್ಬಿಣದ ಗಾಲಿಗಳು ಬೇಕಾಗಿದ್ದವು.

ಸುದ್ದಿ ಕೇಳಿ ನಾನು ಕಾಲೇಜು ಮುಗಿಸಿದವಳೇ ಬಸ್ಸು ಹತ್ತಿದೆ. ಅಷ್ಟೇನೂ ದೊಡ್ಡದಲ್ಲ, ಎಳೆಗರು ಕಾಲು ಮಡಚಿ ಮಲಗಿದಷ್ಟು. ಮೈಯೆಲ್ಲ ಕಪ್ಪು ಜಿಡ್ಡು. ಬಾಯಿಗೆ ಮೇಣ, ಬಟ್ಟೆ, ಮಣ್ಣು ಸೇರಿಸಿ ಜಡಿದ ಕಲ್ಲಿನಂಥ ಮುಚ್ಚಳ. ಗೌಡರು ಅಲ್ಲೇ ಇದ್ದರು.

"ನಾಯಕರ ಕಾಲದ್ದು ಕಣಮ್ಮ. ನಮ್ಮಜ್ಜ ಇದರ ಮೇಲೆ ಕೂತ್ಕೊಂಡೇ ಎಲೆಅಡಿಕೆ ಹಾಕ್ತಿದ್ದ. ಮನೇಲಿ ಮದುವೆ ಆದ್ರೆ ಗಂಡುಹೆಣ್ಣನ್ನ ಇದರ ಮೇಲೆ ಕೂರಿಸಿ ಫೋಟೊ ತೆಗೆಸೋದು ನಮ್ಮ ಪದ್ಧತಿ. ನಂದೂ ಇದೆ ಅಂಥ ಫೋಟೊ."

"ಬಾಯಿ ಯಾಕೆ ಮುಚ್ಚಿದಾರೆ?"

"ಒಳಗೆ ಹಾವು ಸೇರ್ಕೊಂಡ್ರೆ ಅಂತ. ಹಿಂದಿನೋರು ಜಡಿದಿದ್ದು. ನಾನಂತೂ ತೆರೆದಿದ್ದು ನೋಡಿಲ್ಲ."

ಹಾವಿನ ಭಯದಿಂದ ಮುಚ್ಚಿದ್ದು ಎಂಬ ಮಾತು ನಮಗೆಲ್ಲ ಎಷ್ಟು ಸಹಜವಾಗಿ ಕಂಡಿತೆಂದರೆ, ಒಳಗೆ ಬೇರೇನಾದರೂ ಇರಬಹುದೇ ಎಂದು ಯಾರೂ ಕೇಳಲಿಲ್ಲ. ಮುಚ್ಚಿದ ಬಾಯಿಯನ್ನು ಗ್ಯಾಸ್ ಕಟ್ಟರಿನಿಂದ ಕಾಯಿಸಿ ಬಿಡಿಸೋಣ ಎಂದ ಸೆಲ್ವಣ್ಣ. ಭಾವ ಬೇಡ ಎಂದರು. "ಹಬ್ಬ ಹತ್ರ ಬಂತು. ಪೂಜೆ ಆಗ್ಲಿ, ಆಮೇಲೆ ಬೆಂಕಿ ಇಡು. ಆಯುಧಕ್ಕೆ ಪೂಜೆ ಮಾಡೋಕೆ ಮೊದ್ಲು ಕಟ್ಟರ್ ಇಡ್ತಾರಾ?"

ಈ ಮಾತನ್ನು ನಾನು ಎಷ್ಟು ಸಲ ಮೆಲುಕು ಹಾಕಿದ್ದೇನೋ. ಸೆಲ್ವಣ್ಣ ಕಟ್ಟರ್ ಹಿಡಿದಿದ್ದರೆ ಅವನ ಮುಖ ಆ ಬಾಯಿಯಿಂದ ಒಂದು ಮೊಳ ದೂರದಲ್ಲಿರುತ್ತಿತ್ತು.

ಆಯುಧಪೂಜೆಯ ದಿನ ಮಾಚೇನಹಳ್ಳಿಯನ್ನು ನೀವು ನೋಡಬೇಕು. ವರ್ಷವಿಡೀ ಕಿರ್ರೆನ್ನುವ ಶೆಡ್ಡುಗಳೆಲ್ಲ ಅಂದು ಸ್ನಾನ ಮಾಡಿದ ಮಕ್ಕಳ ಹಾಗೆ ತೆಪ್ಪಗಿರುತ್ತವೆ. ಲೇತ್ ಮಷಿನ್ನಿಗೆ ಚೆಂಡುಹೂವಿನ ಹಾರ, ಡ್ರಿಲ್ಲಿಗೆ ವಿಭೂತಿ, ಸುತ್ತಿಗೆ ಸ್ಪ್ಯಾನರುಗಳಿಗೆಲ್ಲ ಸಾಲಾಗಿ ಕುಂಕುಮದ ಬೊಟ್ಟು. ಊದುಬತ್ತಿ ಸಿಕ್ಕಿಸಲು ಅಲ್ಲಿಯವರು ಸ್ಟ್ಯಾಂಡ್ ಇಡುವುದಿಲ್ಲ. ಯಂತ್ರದಲ್ಲೇ ಎಲ್ಲಾದರೂ ಒಂದು ತೂತು ಇದ್ದೇ ಇರುತ್ತದೆ. ಬೋಲ್ಟಿನ ತೂತು, ಎಣ್ಣೆ ಬಿಡುವ ತೂತು, ಯಾವುದಾದರೂ ಆದೀತು. ತೂತು ಕಂಡಲ್ಲಿ ಊದುಬತ್ತಿ.

ಫಿರಂಗಿಯನ್ನು ಸೆಲ್ವಣ್ಣ ತಿಕ್ಕಿ ತೊಳೆದು, ಎಣ್ಣೆ ಸವರಿ, ಶೆಡ್ಡಿನ ಮುಂದೆ ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದ್ದ. ಬಾಯಿ ತುಸು ಮೇಲಕ್ಕೆದ್ದು ಅಂಗಳದಾಚೆಯ ಕಾಂಪೌಂಡ್ ಗೋಡೆಯ ಕಡೆಗಿತ್ತು. ಗೋಡೆಯಾಚೆ ಖಾಲಿ ಸೈಟು. ಫಿರಂಗಿಯ ಹಿಂಭಾಗದಲ್ಲಿ ಬತ್ತಿಯಿಡುವ ಒಂದು ಸಣ್ಣ ತೂತು ಇರುತ್ತದಲ್ಲ, ಅದು ಜಿಡ್ಡು ಕಟ್ಟಿ ಮುಚ್ಚಿಹೋಗಿತ್ತು. ಸೆಲ್ವಣ್ಣ ತಂತಿಯಿಂದ ಕೆದಕಿ ಶುದ್ಧ ಮಾಡಿದ. ಆಮೇಲೆ ದಪ್ಪ ಊದುಬತ್ತಿಗಳನ್ನು ತೆಗೆದು ಅಲ್ಲಿ ಚುಚ್ಚಿದ. ಗಾಳಿಗೆ ಅವು ಓಲಾಡಿದವು. ಕೆಳಗಿನ ಬರಿಯ ಕಡ್ಡಿಯನ್ನು ಮುರಿದು ಬಿಸಾಡಿ, ಮಸಾಲೆ ಮೆತ್ತಿದ ಭಾಗವನ್ನೇ ತೂತಿನೊಳಕ್ಕೆ ಗಟ್ಟಿಯಾಗಿ ತೂರಿಸಿದ. ಈಗ ಅಲುಗಾಡಲಿಲ್ಲ.

"ನೋಡಕ್ಕಾ, ಹೆಂಗ್ ನಿಂತೈತೆ! ಇದಕ್ಕೇ ಮಾಡ್ಸಿದಂಗೈತೆ" ಎಂದ.

ಇದಕ್ಕೇ ಮಾಡಿಸಿದ್ದು ನಿಜ. ಬೆಂಕಿ ಇಡುವುದಕ್ಕೆ. ನಾನೂ ನೋಡಿದೆ, ಚೆನ್ನಾಗಿದೆ ಎಂದೆ, ಮೊಬೈಲಿನಲ್ಲಿ ಫೋಟೊ ಕೂಡ ತೆಗೆದೆ.

ಪೂಜೆಯಾಯಿತು. ಮಂಗಳಾರತಿಯಾಯಿತು. ಇನ್ನು ಬೂದುಗುಂಬಳ ಒಡೆಯುವುದು. ಭಾವ ಬಿಳಿ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟುಕೊಂಡು, ಕೊರೆದು ಒಳಗೆ ಕುಂಕುಮ ತುಂಬಿದ ದೊಡ್ಡ ಕಾಯಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಫಿರಂಗಿಯ ಬಾಯಿಯ ಮುಂದೆ ನಿಂತರು. ಅಷ್ಟರಲ್ಲಿ ಗೌಡರು, "ತಡೀರಿ ನಾಗರಾಜಣ್ಣ. ಮೇಡಂ ಬಂದಿದಾರೆ. ಫಿರಂಗಿ ಬಗ್ಗೆ ಎರಡು ಮಾತು ಹೇಳ್ಲಿ. ನಮ್ಮೋರಿಗೂ ತಿಳೀಲಿ" ಎಂದರು.

"ಎರಡೇ ಮಾತಾ?" ಎಂದರು ಭಾವ. ಅಕ್ಕಪಕ್ಕದ ಶೆಡ್ಡುಗಳಿಂದ ಬಂದವರೆಲ್ಲ ನಕ್ಕರು. ಭಾವ ಕುಂಬಳಕಾಯಿಯನ್ನು ಫಿರಂಗಿಯ ಎದುರಿಗಿದ್ದ ಕಬ್ಬಿಣದ ಸ್ಟೂಲಿನ ಮೇಲಿಟ್ಟು, ಅದರ ಹಿಂದೆ ಕೈಕಟ್ಟಿ ನಿಂತರು. ಫಿರಂಗಿ, ಕುಂಬಳಕಾಯಿ, ಭಾವ, ಗೋಡೆ. ಒಂದೇ ನೇರ ಗೆರೆ. ಹಿಂದೆ ಊದುಬತ್ತಿ ಉರಿಯುತ್ತಿತ್ತು.

ನಾನು ಶುರುಮಾಡಿದೆ. ಯುರೋಪಿನಲ್ಲಿ ಫ್ರಾಂಕರು ಎಂಬ ಜನ ಇದ್ದರು, ಫ್ರಾನ್ಸ್ ದೇಶದ ಹೆಸರಿನಲ್ಲಿ ಈಗಲೂ ಉಳಿದಿರುವವರು ಅವರೇ ಎಂದೆ. ಪಶ್ಚಿಮದಿಂದ ಯಾರು ಬಂದರೂ ಅರಬರು ಅವರೆಲ್ಲರನ್ನೂ ಆ ಒಂದೇ ಹೆಸರಿನಿಂದ ಕರೆದರು. ಪಾರಸಿಯವರ ಬಾಯಲ್ಲಿ ಅದು ಫರಂಗಿ ಆಯಿತು. ನಮ್ಮ ಕರಾವಳಿಗೆ ಪೋರ್ಚುಗೀಸರು ಬಂದಿಳಿಯುವ ಹೊತ್ತಿಗೆ ಹೆಸರು ಅವರಿಗಾಗಿ ಕಾದಿತ್ತು. ಅವರ ಜೊತೆ ಬಂದ ತೋಪಿಗೂ ಅದೇ ಹೆಸರು ಅಂಟಿತು. ಜನ ಹೋದರು, ಹೆಸರನ್ನು ಆಯುಧದ ಮೇಲೆ ಬಿಟ್ಟುಹೋದರು. ಮರಾಠಿಯವರಿಗೆ ಫಿರಂಗ ಎಂದರೆ ನೆಟ್ಟಗಿನ ಒಂದು ಬಗೆಯ ಕತ್ತಿ. ಮಲಯಾಳದವರಿಗೆ ಪರಂಗಿಮಾವು ಎಂದರೆ ಗೇರುಮರ. ಸೆಲ್ವಣ್ಣನ ಅಮ್ಮನಿಗೆ ಸಿಹಿಗುಂಬಳ, ನಮ್ಮಮ್ಮನಿಗೆ ಪಪ್ಪಾಯ.

"ಅದ್ಯಾಕೆ ಒಂದೇ ಹೆಸರನ್ನ ಇಷ್ಟು ಜನಕ್ಕೆ ಹಂಚಿದಾರೆ? ಬರಗಾಲಾನಾ?" ಎಂದರು ಪಕ್ಕದ ಶೆಡ್ಡಿನವರು ಯಾರೋ.

ನಿಜ ಹೇಳಬೇಕೆಂದರೆ ನನಗೆ ಆ ಹೊತ್ತು ಮೈಮೇಲೆ ಬಂದ ಹಾಗಿತ್ತು. ಎಲ್ಲಿಯದೋ ಒಂದು ಕುಲದ ಹೆಸರು ಮರುಭೂಮಿ ದಾಟಿ, ಸಮುದ್ರ ದಾಟಿ, ಘಟ್ಟ ಹತ್ತಿ, ಕುಂಸಿಯ ಒಂದು ಚಾವಡಿಯಲ್ಲಿ ಮಲಗಿ, ಮದುಮಕ್ಕಳನ್ನು ಬೆನ್ನ ಮೇಲೆ ಹೊತ್ತು, ಈಗ ಕುಂಕುಮ ಹಚ್ಚಿಸಿಕೊಂಡು ನನ್ನ ಮುಂದೆ ಇದೆ! ಕ್ಲಾಸಿನಲ್ಲಿ ಇದನ್ನು ಹೇಳಿದರೆ ಕೊನೆಯ ಬೆಂಚಿನವರು ನಿದ್ದೆ ಹೋಗುತ್ತಾರೆ. ಇಲ್ಲಿ ಮುಂದಿನವರೂ ಆಕಳಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ. ನಮ್ಮ ಹಳೆಯ ವೈದ್ಯರು ಒಂದು ಕೆಟ್ಟ ಕಾಯಿಲೆಗೂ ಫಿರಂಗ ರೋಗ ಎಂದೇ ಹೆಸರಿಟ್ಟಿದ್ದರು ಎಂದೆ.

"ಏ, ಹಬ್ಬದ ದಿನ ಆ ರೋಗದ ಸುದ್ದಿ ಯಾಕೆ ಮಾರಾಯ್ತಿ? ಸಾಕು ಬಿಡು" ಎಂದು ಅಕ್ಕ ಹಣೆ ಚಚ್ಚಿಕೊಂಡಳು.

"ಇರೇ ಅಕ್ಕ, ಆ ರೋಗಕ್ಕೆ ಕೊಡ್ತಿದ್ದ ಬೇರಿನ ಹೆಸರೂ ಪರಂಗಿ ಚಕ್ಕೆ."

"ಇನ್ನು ಔಷಧಿ ಅಂಗಡಿ ತೆಗೀತಾಳೆ ಇವ್ಳು" ಎಂದರು ಭಾವ. "ನೀನು ಮುಗ್ಸು ವಿಜಿ. ನಾನು ಅಷ್ಟ್ರಲ್ಲಿ ಮಂಡಕ್ಕಿಗೆ ಕಡ್ಲೆ, ಬೆಲ್ಲ ಕಲಸ್ಕೊಂಡು ಬರ್ತೀನಿ." ಹೀಗೆಂದವರೇ ಪಂಚೆ ಎತ್ತಿ ಕಟ್ಟಿಕೊಂಡು, ಸ್ಟೂಲನ್ನು ಬಳಸಿ, ಶೆಡ್ಡಿನ ಪಕ್ಕದ ಕೋಣೆಯ ಕಡೆ ನಡೆದರು.

ನನಗೆ ಬೇಜಾರಾಯಿತು. ಈಗ ನಾಚಿಕೆಯಾಗುತ್ತದೆ, ಆದರೆ ಆಗ ನಿಜವಾಗಿಯೂ ಬೇಜಾರಾಯಿತು. ಪೆಚ್ಚಾಗಿ ಅವರ ಬೆನ್ನನ್ನೇ ನೋಡುತ್ತ ಮಾತು ಮುಂದುವರಿಸಿದೆ. ಅವರು ಕೋಣೆಯೊಳಗೆ ಹೋದರು. ಮಂಡಕ್ಕಿಯ ಬುಟ್ಟಿ ಹಿಡಿದು ಮತ್ತೆ ಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ನಿಂತು, ಇನ್ನೂ ಮುಗಿಯಲಿಲ್ಲವಾ ಎಂಬಂತೆ ಹುಬ್ಬು ಹಾರಿಸಿದರು.

ಸುರ್ ಎಂದು ಒಂದು ಸದ್ದು. ಒಗ್ಗರಣೆಗೆ ಕರಿಬೇವು ಬಿದ್ದಾಗ ಬರುವಂಥದ್ದು. ಸೆಲ್ವಣ್ಣ "ಏಯ್" ಎಂದದ್ದು ಕೇಳಿಸಿತು.

ಆಮೇಲಿನದ್ದನ್ನು ಸದ್ದು ಎನ್ನಲಾರೆ. ಸದ್ದು ಕಿವಿಗೆ ಬರುವಂಥದ್ದು. ಇದು ಎದೆಗೆ ಬಂತು, ಹಲ್ಲಿಗೆ ಬಂತು, ಕಾಲಡಿಯ ಕಾಂಕ್ರೀಟಿನಿಂದ ಮೇಲೆ ಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಬಿಳಿ ಹೊಗೆ ಅಂಗಳದ ತುಂಬ ನಿಂತುಬಿಟ್ಟಿತು. ಆ ಹೊಗೆಯಲ್ಲಿ ಮಂಡಕ್ಕಿ ಆಲಿಕಲ್ಲಿನ ಹಾಗೆ ಮೆಲ್ಲಗೆ ಉದುರುತ್ತಿತ್ತು. ಕೋಣೆಯ ಬಾಗಿಲಲ್ಲಿ ಭಾವ ಗೋಡೆಗೆ ಒರಗಿ ಕುಸಿದು ಕೂತಿದ್ದರು. ಬಿಳಿ ಅಂಗಿಯ ತುಂಬ ಕೆಂಪು. ಮುಖದ ಮೇಲೆ ಕೆಂಪು. ಕೆನ್ನೆಯ ಮೇಲೆ ಏನೋ ಬಿಳಿಯ ಮಾಂಸದಂಥದ್ದು ಅಂಟಿಕೊಂಡು ಜಾರುತ್ತಿತ್ತು.

ಅಕ್ಕನ ಬಾಯಿ ತೆರೆದಿತ್ತು. ಕೂಗುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಭಾವ ಸತ್ತರು ಎಂದು ನಾನು ನಂಬಿದೆ. ಈಗಲೂ ಕೆಲವು ಸಲ ಸಾರು ಕುದಿಯುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ ಆ ನಂಬಿಕೆ ಹಾಗೇ ಹಸಿಯಾಗಿ ಬಂದು ನಿಲ್ಲುತ್ತದೆ. ಆ ಗಳಿಗೆಯಲ್ಲಿ ಅವರು ಸತ್ತಿದ್ದರು. ಆಮೇಲೆ ಬದುಕಿದರು.

ಭಾವ ಕೈಯೆತ್ತಿ ಕೆನ್ನೆಯ ಮೇಲಿನದ್ದನ್ನು ತೆಗೆದರು. ಬೆರಳ ನಡುವೆ ಹಿಡಿದು ನೋಡಿದರು. ಮೂಸಿದರು. ತುಟಿ ಆಡಿಸಿದರು. ಏನೆಂದರೆಂದು ಅಕ್ಕ ಆಮೇಲೆ ಹೇಳಿದಳು: "ಕುಂಬಳಕಾಯಿ ಕಣೇ."

ಒಂದು ಹೋಳೂ ಉಳಿದಿರಲಿಲ್ಲ. ಅದರ ತಿರುಳು, ಬೀಜ, ಒಳಗೆ ತುಂಬಿದ್ದ ಕುಂಕುಮ, ಎಲ್ಲವೂ ನಮ್ಮೆಲ್ಲರ ಮೇಲೆ, ಶೆಡ್ಡಿನ ತಗಡಿನ ಮೇಲೆ, ಗೌಡರ ಮೀಸೆಯ ಮೇಲೆ ಹರಡಿತ್ತು. ಕಬ್ಬಿಣದ ಸ್ಟೂಲು ತಂತಿಯ ಮುದ್ದೆಯಾಗಿ ಬಿದ್ದಿತ್ತು. ಭಾವ ನಿಂತಿದ್ದ ಜಾಗದ ಹಿಂದೆ, ಅವರ ಎದೆಯ ಎತ್ತರಕ್ಕೆ ಸರಿಯಾಗಿ, ಕಾಂಪೌಂಡ್ ಗೋಡೆಯಲ್ಲಿ ಒಂದು ತೂತು. ಅದರ ಮೂಲಕ ಖಾಲಿ ಸೈಟಿನ ಹಸಿರು ಹುಲ್ಲು ಕಾಣುತ್ತಿತ್ತು. ಫಿರಂಗಿ ದಿಮ್ಮಿಯಿಂದ ಹಿಂದಕ್ಕೆ ಹಾರಿ ಪೂಜೆಯ ಮೇಜನ್ನು ಮುರಿದು ಮಲಗಿತ್ತು. ಹಿತ್ತಾಳೆಯ ಗಂಟೆ ಅದರಡಿ ತಟ್ಟೆಯಾಗಿತ್ತು. ಪುಣ್ಯಕ್ಕೆ ಆ ಕಡೆ ಯಾರೂ ಇರಲಿಲ್ಲ. ಎಲ್ಲರೂ ನನ್ನ ಮಾತಿನಿಂದ ತಪ್ಪಿಸಿಕೊಳ್ಳಲು ನೆರಳಿನ ಕಡೆ ಸರಿದಿದ್ದರು.

ಸೆಲ್ವಣ್ಣ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದ. "ನಾನೇ ಇಟ್ಟೆನಲ್ಲಣ್ಣ, ನನ್ ಕೈಯಾರೆ ಇಟ್ಟೆನಲ್ಲ" ಎಂದು ಅಳುತ್ತಿದ್ದ. ಭಾವ ಎದ್ದು ಅವನ ಬಳಿ ಹೋಗಿ ಕೂತರು. "ಊದುಬತ್ತಿ ಇಟ್ಟಿದ್ದು ನೀನು. ಪೂಜೆ ಮಾಡಿದ್ದು ನಾನು. ಫೋಟೊ ತೆಗೆದಿದ್ದು ಇವ್ಳು. ಯಾರಿಗೆ ಗೊತ್ತಿತ್ತಪ್ಪ? ಏಳು" ಎಂದರು.

ಪೊಲೀಸರು ಬಂದರು, ನಮ್ಮನ್ನೆಲ್ಲ ವಿಚಾರಿಸಿದರು, ಫಿರಂಗಿಯನ್ನು ಲಾರಿಯಲ್ಲಿ ಹಾಕಿಕೊಂಡು ಹೋದರು. ಯಾವಾಗಲೋ ಯಾರೋ ಮದ್ದು, ಗುಂಡು ತುಂಬಿ, ಹಾರಿಸದೆ, ಬಾಯಿ ಜಡಿದು ಬಿಟ್ಟಿದ್ದಾರೆ ಎಂದಷ್ಟೇ ಗೊತ್ತಾಯಿತು. ಮೇಣದ ಮುಚ್ಚಳ ಹಾವನ್ನೂ ತಡೆದಿತ್ತು, ತೇವವನ್ನೂ ತಡೆದಿತ್ತು. ಗೌಡರು ಮೀಸೆಯ ಮೇಲಿನ ತಿರುಳನ್ನು ಒರೆಸಿಕೊಂಡರು. ಹೊರಡುವಾಗ ನನ್ನ ಹತ್ತಿರ ಬಂದು, "ನಮ್ಮ ಮನೆಯೋಳು ಬಸುರಿ ಇದ್ದಾಗ ಮಧ್ಯಾಹ್ನ ಇದಕ್ಕೇ ಒರಗಿ ಮಲಗ್ತಿದ್ಲು ಕಣಮ್ಮ" ಎಂದರು. ಅಷ್ಟೇ ಹೇಳಿ ಗೂಡ್ಸ್ ಆಟೋ ಹತ್ತಿದರು.

ನನ್ನನ್ನು ಬಿಡದೆ ಕಾಡುವುದು ಈ ಮಾತು. ಸಿಡಿದದ್ದಕ್ಕಿಂತ ಸಿಡಿಯದೆ ಕಾದದ್ದು. ಅಜ್ಜ ಎಲೆಗೆ ಸುಣ್ಣ ಹಚ್ಚುವಾಗ, ಮದುಮಕ್ಕಳು ನಾಚಿಕೊಂಡು ಫೋಟೊಗೆ ನಗುವಾಗ, ಬಸುರಿ ಹೆಂಗಸು ತಂಪಿಗೆಂದು ಬೆನ್ನು ಕೊಟ್ಟು ಕಣ್ಣು ಮುಚ್ಚಿದಾಗ, ಅದು ಒಳಗೆ ಇತ್ತು. ಬೀಡಿ ಸೇದುವವರು ಅದರ ಮೇಲೆ ಕೂತಿಲ್ಲವೇ? ದೀಪಾವಳಿಗೆ ಅದರ ಬೆನ್ನ ಮೇಲೆ ಹಣತೆ ಇಟ್ಟಿಲ್ಲವೇ? ಒಂದು ಕಿಡಿಗಾಗಿ ತಲೆಮಾರುಗಳಷ್ಟು ಕಾಲ ಕಾಯಬಲ್ಲ ಆ ಸಹನೆಯನ್ನು ನೆನೆದರೆ ನನಗೆ ಭಯಕ್ಕಿಂತ ದೊಡ್ಡದೇನೋ ಆಗುತ್ತದೆ, ಅದಕ್ಕೆ ಪದ ಸಿಕ್ಕಿಲ್ಲ. ಪದದ ಹೊಟ್ಟೆಯನ್ನು ಬಗೆದು ಫ್ರಾಂಕರ ತನಕ ಹೋಗಿದ್ದೆ. ಮುಂದೆ ಮಲಗಿದ್ದ ವಸ್ತುವಿನ ಹೊಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡಿರಲಿಲ್ಲ.

ಸಿಡಿದ ಗಳಿಗೆಯಲ್ಲಿ ನಾನು ಏನು ಹೇಳುತ್ತಿದ್ದೆ ಎಂಬುದು ನನಗೆ ನೆನಪಿಲ್ಲ. ಅಕ್ಕ ಪರಂಗಿ ಚಕ್ಕೆ ಎನ್ನುತ್ತಾಳೆ. ಸೆಲ್ವಣ್ಣ ತನ್ನ ಅಮ್ಮನ ಹೆಸರು ಎನ್ನು­ತ್ತಾನೆ. ಗೌಡರಂತೂ ನಾನು ಮದ್ದು ಎಂಬ ಪದಕ್ಕೆ ಔಷಧಿ, ಸಿಡಿಮದ್ದು ಎರಡೂ ಅರ್ಥ ಇದೆ ಎನ್ನುತ್ತಿದ್ದೆ ಎಂದು ಆಣೆ ಮಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಅಷ್ಟು ಸರಿಯಾದ ಹೊತ್ತಿಗೆ ಸರಿಯಾದ ಮಾತನ್ನು ನಾನು ಜೀವನದಲ್ಲಿ ಆಡಿದವಳಲ್ಲ. ಭಾವನನ್ನು ಕೇಳಿದರೆ, "ನಂಗೇನು ಗೊತ್ತು? ನಾನು ಕೇಳಿಸ್ಕೊಂಡಿದ್ರೆ ಇವತ್ತು ಇರ್ತಿರ್ಲಿಲ್ಲ" ಎನ್ನುತ್ತಾರೆ.

ಅವರ ಎಡಗಿವಿ ಆವತ್ತಿನಿಂದ ಮಂದವಾಗಿದೆ. ನಾನು ಯಾವುದಾದರೂ ಪದ ಹಿಡಿದು ಹೊರಟರೆ ಸಾಕು, ನಗುತ್ತ ಆ ಕಿವಿಯನ್ನು ನನ್ನ ಕಡೆ ತಿರುಗಿಸುತ್ತಾರೆ. "ಒಡೆಯೋಕೆ ಅಂತ ಇಟ್ಟ ಕಾಯಿ, ನನ್ನ ಬದ್ಲು ಅದೇ ಒಡೀತು" ಎಂದು ಒಂದೇ ಒಂದು ಸಲ ಹೇಳಿದ್ದರು. ಆಗ ನಗುತ್ತಿರಲಿಲ್ಲ.

ಗೋಡೆಯ ತೂತನ್ನು ಭಾವ ಮುಚ್ಚಿಸಲಿಲ್ಲ. ಈ ಮಳೆಗಾಲದಲ್ಲಿ ಆ ಖಾಲಿ ಸೈಟಿನಲ್ಲಿ ಯಾರೂ ಬಿತ್ತದ ಒಂದು ಬಳ್ಳಿ ಎದ್ದಿತು. ದೊಡ್ಡ ದೊರಗು ಎಲೆ, ಹಳದಿ ಹೂವು. ಅದು ಹುಲ್ಲಿನ ಮೇಲೆ ಹರಿದು, ಗೋಡೆ ಹತ್ತಿ, ತೂತಿನೊಳಗೆ ಒಂದು ಕುಡಿ ತೂರಿಸಿ ಅಂಗಳಕ್ಕೆ ಇಳಿಯಿತು. ಯಾರೂ ಕೀಳಲಿಲ್ಲ. ಸೆಲ್ವಣ್ಣ ಅದಕ್ಕೊಂದು ಕಬ್ಬಿಣದ ಚಪ್ಪರ ಬೆಸೆದುಕೊಟ್ಟ. ಆ ಬಳ್ಳಿಯ ಮೊದಲ ಕಾಯಿಯೇ ಈಗ ನಮ್ಮ ಅಡುಗೆಮನೆಯಲ್ಲಿ ಕೂತಿರುವುದು. ಇದನ್ನು ಹಾಲಿನವರ ಕೈಗೆ ಹೇಗೆ ಕೊಡಲಿ, ನೀವೇ ಹೇಳಿ.

ಕೊನೆಗೆ ಭಾವನಿಗೇ ಫೋನ್ ಮಾಡಿದೆ. "ಒಂದು ಕುಂಬಳಕಾಯಿ ಹೆಚ್ಚೋಕೆ ಮಾಚೇನಹಳ್ಳಿಯಿಂದ ಬರ್ಬೇಕಾ ಮಾರಾಯ್ತಿ?" ಎಂದರು. "ಆ ಬಳ್ಳೀದು ಭಾವ, ಮೊದಲ್ನೇ ಕಾಯಿ" ಎಂದೆ. "ಮಜ್ಜಿಗೆ ಇದ್ಯಾ?" ಎಂದು ಕೇಳಿದರು.

ಬಂದರು. ಕಾಲು ತೊಳೆದು, ಅಡುಗೆಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಕಾಯಿಯನ್ನು ಮುಂದಕ್ಕೆ ಎಳೆದುಕೊಂಡರು. ಅಂಗೈಯಿಂದ ಅದರ ಬೂದಿ ಒರೆಸಿದರು. ಕಿವಿ ತಾಗಿಸಿ, ಎಡಗಿವಿಯಲ್ಲ, ಬಲಗಿವಿ, ಬೆರಳಿನಿಂದ ತಟ್ಟಿ ನೋಡಿದರು. ನಾನು ಕತ್ತಿ ಕೊಟ್ಟೆ. ಕತ್ತಿ ಇಡುವ ಮೊದಲು ಅವರು ಕಾಯಿಯ ತೊಟ್ಟಿನ ಬದಿಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದರು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ. ಇಬ್ಬರೂ ನಗಲಿಲ್ಲ.

ಕತ್ತಿ ಇಳಿಯಿತು. ಕಾಯಿ ತಣ್ಣಗೆ ಎರಡಾಯಿತು.

"ನೋಡು ವಿಜಿ," ಎಂದರು ಭಾವ, "ಬರೀ ಬೀಜ."